ಒಂಬತ್ತು ಬಾವಿಗಳ ನಾಲಿಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನೀರಾ ಇಳಿಸುವ ಗಂಡಸರು ತೆಂಗಿನ ಮರದ ನೆತ್ತಿಯಲ್ಲಿ ಕೂತು ಹಾಡು ಶುರು ಮಾಡುವ ಹೊತ್ತು. ಅರೋಯಿತಾ ಒಂದು ಕೈಯಲ್ಲಿ ಕರಟ, ಇನ್ನೊಂದು ಕೈಯಲ್ಲಿ ಗಿಡ್ಡ ಪೊರಕೆ ಹಿಡಿದು ಊರಿನ ದಕ್ಷಿಣದ ತುದಿಯ ಬಾವಿಗೆ ಬರುತ್ತಾರೆ. ಮುಚ್ಚಿದ ತಗಡು ಸರಿಸಿ ಬಗ್ಗುತ್ತಾರೆ. ಒಳಗೆ ಬಿದ್ದ ಎಲೆ, ಏಡಿ ತೆಗೆಯುತ್ತಾರೆ. ಕಟ್ಟೆಯ ಸುತ್ತ ಗುಡಿಸುತ್ತಾರೆ. ನೀರು ಎಷ್ಟು ಇಳಿದಿದೆ ಎಂದು ಒಳಗೋಡೆಯ ಕಲ್ಲು ಎಣಿಸುತ್ತಾರೆ. ಆಮೇಲೆ ಕರಟವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನೀರು ಮುಟ್ಟದೆ, ಮುಂದಿನ ಬಾವಿಗೆ ನಡೆಯುತ್ತಾರೆ.

ನಮ್ಮ ಊರು ಟೆರಾವೇನದಲ್ಲಿ ಬಾವಿಯ ಗೂಟಕ್ಕೆ ಹಸಿ ಗರಿ ಕಟ್ಟಿದ್ದರೆ ಆ ನೀರು ಕುಡಿಯಬಹುದು. ಬಾವಿಯ ಬಾಯಿಗೆ ಕಲ್ಲು ಹೇರಿದ್ದರೆ ಕುಡಿಯಬಾರದು. ಗರಿಯೋ ಕಲ್ಲೋ ಎಂದು ತೀರ್ಮಾನಿಸುವುದು ಅರೋಯಿತಾ ಅವರ ನಾಲಿಗೆ. ಮೂವತ್ತಮೂರು ವರ್ಷ ಪ್ರತಿ ಬೆಳಗ್ಗೆ ಈ ನಾಲಿಗೆ ಹೇಳಿದ್ದನ್ನೇ ಊರು ಕುಡಿದಿದೆ. ಈಗ ಇಪ್ಪತ್ತನಾಲ್ಕು ದಿನದಿಂದ ಯಾವ ಗೂಟದಲ್ಲೂ ಗರಿಯಿಲ್ಲ. ಹೆಂಗಸರು ಬರುತ್ತಾರೆ, ಬರಿಗೂಟ ನೋಡುತ್ತಾರೆ, ಒಬ್ಬರ ಮುಖ ಒಬ್ಬರು ನೋಡದೆ ಸೇದಿಕೊಂಡು ಹೋಗುತ್ತಾರೆ. ನಾನೂ ಹಾಗೇ ಸೇದುತ್ತೇನೆ. ಮುಚ್ಚಿಟ್ಟು ಏನು ಮಾಡಲಿ.

ಇನ್ನು ಆರು ದಿನಕ್ಕೆ ಅವರು ಮನೇಬದ, ಅಂದರೆ ನಮ್ಮ ಸಭಾಮನೆಯ, ಪಕ್ಕದ ದೊಡ್ಡ ಬಾವಿಯ ನೀರನ್ನು ಬಾಯಿಗಿಡುತ್ತಾರೆ. ನಲವತ್ತಾರು ಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮನೆ ಆ ಒಂದೇ ಬಾವಿಯನ್ನು ನಂಬಿವೆ. ಸಿಹಿ ಎಂದರೆ ಈ ಊರು ಇರುತ್ತದೆ. ಉಪ್ಪು ಎಂದರೆ ಏನಾಗುತ್ತದೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತು.

ಪತ್ರಿಕೆಯವರು ರಾಜಧಾನಿ ತರಾವದಿಂದ ಹೇಳಿಕಳಿಸಿದ್ದು ಬೇರೆಯೇ. ದೂರದ ಊರಿನ, ಯಾರ ಕಣ್ಣಿಗೂ ಬೀಳದ ದುಡಿಮೆಗಾರರೊಬ್ಬರ ಬಗ್ಗೆ ವಾರದ ಪುರವಣಿಗೆ ಬರೆದುಕೊಡಿ, ನಗುಮುಖದ ಫೋಟೊ ಒಂದಿರಲಿ ಎಂದು. ಅರೋಯಿತಾ ಅವರಿಗೆ ಅರವತ್ತೊಂದು. ಮುಂದಿನ ಎರಡು ಹಲ್ಲಿಲ್ಲ. ಕ್ಯಾಮೆರಾ ಎತ್ತಿದರೆ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ಈ ತಿಂಗಳಂತೂ ಅವರು ನಕ್ಕಿದ್ದನ್ನು ನಾನು ನೋಡಿಲ್ಲ. ಫೋಟೊ ಇಲ್ಲದೆಯೇ ಬರೆಯುತ್ತಿದ್ದೇನೆ.

ನಮ್ಮದು ಒಂದು ತುಂಡು ಕಡಲನ್ನು ಬಳೆಯಂತೆ ಸುತ್ತಿದ ದ್ವೀಪ, ಹೊಳೆ ಇಲ್ಲದ, ಗುಡ್ಡ ಇಲ್ಲದ ನೆಲ. ಒಳಗಡಲಿನ ದಡದಲ್ಲಿ ನಿಂತು ಕೂಗಿದರೆ ಹೊರಗಡಲಿನ ದಡದಲ್ಲಿ ಬಲೆ ಒಣಹಾಕುತ್ತಿರುವವರು ಓಗೊಡುತ್ತಾರೆ. ಅಷ್ಟೇ ಅಗಲ. ಬಿದ್ದ ಮಳೆ ಮರಳಿನೊಳಗೆ ಇಳಿದು, ಕೆಳಗಿನ ಉಪ್ಪುನೀರಿನ ಮೇಲೆ ಹಾಲಿನ ಕೆನೆಯಂತೆ ತೆಳ್ಳಗೆ ನಿಲ್ಲುತ್ತದೆ. ನಾವು ಕುಡಿಯುವುದು ಆ ಕೆನೆಯನ್ನೇ. ಕೊಡ ಧಡಾರನೆ ಬಿಟ್ಟರೆ ಮೇಲಿನದೂ ಕೆಳಗಿನದೂ ಕಲಸಿಹೋಗುತ್ತದೆ ಎಂದು ಇಲ್ಲಿ ಮಕ್ಕಳಿಗೆ ನಡೆಯುವುದರ ಜೊತೆಗೇ ಕಲಿಸುತ್ತಾರೆ. ಮಳೆ ತಪ್ಪಿದ ವರ್ಷ ಕೆನೆ ತೆಳುವಾಗುತ್ತದೆ. ದೊಡ್ಡ ಉಬ್ಬರ ಬಂದ ವರ್ಷ ಸಮುದ್ರ ನೆಲದ ಮೇಲಿಂದಲೇ ಹರಿದು ಬಾವಿಗೆ ಇಳಿಯುತ್ತದೆ. ಈಚೆಗೆ ಎರಡೂ ಒಟ್ಟಿಗೇ ಆಗುತ್ತಿವೆ.

ಬಾವಿಗಳು ಒಂಬತ್ತು. ಅರೋಯಿತಾ ಕೆಲಸ ಹಿಡಿದಾಗ ಒಂಬತ್ತಕ್ಕೂ ಗರಿ ಇತ್ತು. ಮೂರಕ್ಕೆ ಅವರ ಕೈಯಾರೆ ಕಲ್ಲು ಬಿದ್ದಿದೆ. ಉಳಿದ ಆರನ್ನು ನೋಡಿಬರಲು ಹೋಗಿ ಬರುವುದು ಸೇರಿ ಐದು ಕಿಲೋಮೀಟರ್ ಆಗುತ್ತದೆ. ಬರಿಗಾಲು, ಬರಿಹೊಟ್ಟೆ. ಹಿಂದಿನ ಸಂಜೆ ಉಪ್ಪುಮೀನು ಮುಟ್ಟುವ ಹಾಗಿಲ್ಲ, ಹೊಗೆಸೊಪ್ಪು ಸೇದುವ ಹಾಗಿಲ್ಲ. ಕರಟವನ್ನು ನೀರಿನ ಮೇಲ್ಮೈಗೆ ಮೆಲ್ಲಗೆ ತಾಗಿಸಿ ಒಂದು ಗುಟುಕು, ಆಮೇಲೆ ದಾರಕ್ಕೆ ಕಟ್ಟಿ ಆಳಕ್ಕೆ ಇಳಿಸಿ ಇನ್ನೊಂದು ಗುಟುಕು. ನಾಲಿಗೆಯ ಅಂಚಿಗೆ, ನಾಲಿಗೆಯ ಅಡಿಗೆ ಹರಿಸಿ, ಕಣ್ಣುಮುಚ್ಚಿ, ಹತ್ತು ಉಸಿರು ಎಣಿಸಿ ಉಗುಳುವುದು. ನುಂಗುವುದಿಲ್ಲ. ಸರ್ಕಾರದವರು ಒಮ್ಮೆ ಉಪ್ಪು ಅಳೆಯುವ ಯಂತ್ರವೊಂದನ್ನು ಕೊಟ್ಟಿದ್ದರು. ಎಂಟು ತಿಂಗಳಿಗೆ ಉಪ್ಪುಗಾಳಿಗೆ ತುಕ್ಕು ಹಿಡಿದು ಅದೇ ಕೆಟ್ಟಿತು. ಈಗ ನಾನು ಪಾಠ ಹೇಳುವ ಶಾಲೆಯ ಕಿಟಕಿ ಗಾಳಿಗೆ ಬಡಿದುಕೊಳ್ಳದಂತೆ ಅದನ್ನು ಒತ್ತಿಟ್ಟಿದ್ದೇನೆ.

ಈ ಕೆಲಸವನ್ನು ಅವರಿಗೆ ಕೊಟ್ಟದ್ದು ಅವರ ಸೋದರತ್ತೆ ಬ್ವಾಕೇತಾ. ಮನೇಬದಲ್ಲಿ ಪ್ರತಿ ಮನೆತನಕ್ಕೂ ಕೂರುವ ಜಾಗ ಒಂದು, ಮಾಡುವ ಕೆಲಸ ಒಂದು ಎಂದು ಗೊತ್ತುಮಾಡಿರುತ್ತದೆ. ಹಿಡಿದ ದೊಡ್ಡ ಆಮೆಯನ್ನು ಪಾಲು ಹಾಕುವ ಮನೆತನ ಇದೆ, ಮಾತು ಶುರುಮಾಡುವ ಮನೆತನ ಇದೆ. ಅರೋಯಿತಾ ಅವರದು ನೀರಿನ ಮನೆತನ. ಏಳನೇ ವಯಸ್ಸಿಗೆ ಅತ್ತೆ ಇವರನ್ನು ಕೂರಿಸಿಕೊಂಡು ಐದು ಕರಟ ಮುಂದಿಟ್ಟು, ಒಂದರಲ್ಲಿ ಮಾತ್ರ ಒಂದು ಹನಿ ಕಡಲನೀರು ಹಾಕಿ, ಯಾವುದು ಎಂದು ಕೇಳುತ್ತಿದ್ದರಂತೆ. ತಪ್ಪು ಹೇಳಿದರೆ ಬೈಗುಳವಿಲ್ಲ, ಅವತ್ತು ಮಾತೇ ಇಲ್ಲ. "ಅತ್ತೆ ಮಾತಾಡ್ದೇ ಇದ್ರೆ ಎದೆ ಡವಡವ ಅನ್ನೋದು," ಎನ್ನುತ್ತಾರೆ ಅರೋಯಿತಾ. "ಹೊಡೆದಿದ್ರೆ ಚೆನ್ನಾಗಿತ್ತು."

ಅತ್ತೆ ಹೇಳಿಕೊಟ್ಟ ಎಲ್ಲ ನಿಯಮಗಳಿಗಿಂತ ದೊಡ್ಡ ನಿಯಮ ಒಂದಿತ್ತು. ನೀರು ನೋಡುವವಳು ಊರಿನ ನೀರು ಕುಡಿಯಬಾರದು. ಎಳನೀರು ಕುಡಿಯಬಹುದು, ನೀರಾ ಕುಡಿಯಬಹುದು, ಮಳೆ ಬಂದರೆ ಮಳೆನೀರು ಕುಡಿಯಬಹುದು. ಬಾವಿಯ ನೀರು ಬಾಯಿಗಿಡುವುದಕ್ಕೆ ಮಾತ್ರ, ಗಂಟಲಿಗಲ್ಲ. ಅದಕ್ಕಾಗಿ ಊರಿನ ಮನೆಗಳು ಸರದಿಯಲ್ಲಿ ದಿನಕ್ಕೆ ನಾಲ್ಕು ಎಳನೀರು ಅವರ ಮನೆ ಮುಂದಿನ ಅಟ್ಟಣೆಯ ಮೇಲೆ ಇಟ್ಟುಹೋಗುತ್ತಿದ್ದವು. ಇದೇ ಅವರ ಸಂಬಳ. ಹೊರಗಿನವರಿಗೆ ಇದು ಗೌರವದ ಕಾಣಿಕೆಯಂತೆ ಕಾಣಿಸುತ್ತಿತ್ತು, ನನಗೂ ಹಾಗೇ ಕಂಡಿತ್ತು. ನಾನು ಬೇರೆ ದ್ವೀಪದವಳು, ಈ ಊರಿಗೆ ಸೊಸೆಯಾಗಿ, ಶಾಲೆಗೆ ಟೀಚರಾಗಿ ಬಂದು ಹದಿನೆಂಟು ವರ್ಷವಾಯಿತು. ಆ ನಿಯಮ ಯಾಕಿತ್ತು ಎಂದು ಅರ್ಥವಾದದ್ದು ಈ ವರ್ಷ.

ಆರು ವರ್ಷದ ಹಿಂದೆ ಹತ್ತು ತಿಂಗಳು ಮಳೆ ಬರಲಿಲ್ಲ. ತೆಂಗಿನ ಹೊಂಬಾಳೆ ಮರದಲ್ಲೇ ಒಣಗಿತು. ಎಳನೀರೆಂದರೆ ಮುಷ್ಟಿಗಾತ್ರದ ಕಾಯಿ, ಅದರೊಳಗೆ ಎರಡು ಗುಟುಕು. ಅಂಥದ್ದರಲ್ಲೂ ಮನೆಗಳು ಸರದಿ ತಪ್ಪಿಸಲಿಲ್ಲ. ಒಂದು ಬೆಳಗ್ಗೆ, ಆಗಷ್ಟೇ ಮದುವೆಯಾಗಿ ಬಂದಿದ್ದ ಕತಾರಿನಾ ನಾಲ್ಕು ಕಾಯಿ ತಂದಿಟ್ಟಳು. ಅವಳ ಜೊತೆ ಬಂದಿದ್ದ ಮನೆಯ ಚಿಕ್ಕ ಮಕ್ಕಳಿಬ್ಬರು ಆ ಕಾಯಿಗಳನ್ನೇ ನೋಡುತ್ತಾ ನಿಂತರು. ಅರೋಯಿತಾ ಅವತ್ತೇ ಅವನ್ನು ಹಿಂದಕ್ಕೆ ಕೊಟ್ಟರು. ಇನ್ನು ಯಾರೂ ತರಬೇಡಿ, ಮಕ್ಕಳಿಗೆ ಕೊಡಿ, ನಾನೂ ಎಲ್ಲರಂತೆ ಬಾವಿ ನೀರೇ ಕುಡಿಯುತ್ತೇನೆ ಎಂದರು. ಊರೆಲ್ಲ ಕೊಂಡಾಡಿತು. ಭಾನುವಾರ ಪೂಜೆಯಲ್ಲಿ ಪಾದ್ರಿಗಳು ಅವರ ಹೆಸರು ಹೇಳಿ ಹೊಗಳಿದರು. ಮುಂದೆ ಮಳೆ ಬಂತು, ತೆಂಗು ಬಿಟ್ಟಿತು, ಸರದಿಯನ್ನು ಮತ್ತೆ ಶುರುಮಾಡುವ ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ನಮ್ಮ ಮನೆಯ ಪಾಲಿನ ಕಾಯಿ ಉಳಿಯಿತೆಂದು ನಾನೂ ಒಳಗೊಳಗೇ ಖುಷಿಪಟ್ಟವಳು.

ಹೋದ ವರ್ಷದ ಕೊನೆಗೆ ಟೀಚರುಗಳ ತರಬೇತಿಗೆಂದು ಮೂರು ತಿಂಗಳು ತರಾವದಲ್ಲಿದ್ದೆ. ಅಲ್ಲಿ ನಾನಿದ್ದ ಮನೆಯಲ್ಲಿ ಚಾವಣಿಯ ಮಳೆನೀರು. ಎರಡು ದಿನ ಹಡಗಿನಲ್ಲಿ ವಾಂತಿ ಮಾಡಿಕೊಂಡು ಊರಿಗೆ ಇಳಿದಾಗ ಗಂಟಲು ಒಣಗಿ ಕಟ್ಟಿಹೋಗಿತ್ತು. ನನ್ನ ಅತ್ತೆ ದೊಡ್ಡ ಬಾವಿಯ ನೀರನ್ನು ಲೋಟದ ತುಂಬ ಕೊಟ್ಟರು. ಒಂದೇ ಗುಟುಕಿಗೆ ಮುಖ ಕಿವುಚಿದೆ. ಗಂಜಿಗೆ ಹಾಕುವಷ್ಟು ಉಪ್ಪು. ಸುತ್ತ ಎಲ್ಲರೂ ಅದನ್ನೇ ಗಟಗಟ ಕುಡಿಯುತ್ತಿದ್ದಾರೆ, ಗೂಟದಲ್ಲಿ ಹಸಿ ಗರಿ ಬೆಳಗಿನಿಂದ ಆಡುತ್ತಿದೆ. ನೀರು ಉಪ್ಪಾಗಿದೆಯಲ್ಲ ಎಂದೆ. ಅತ್ತೆ ನಕ್ಕುಬಿಟ್ಟರು.

"ಮೂರು ತಿಂಗಳು ಪಟ್ಟಣದಲ್ಲಿ ಇದ್ದಿದ್ದಕ್ಕೆ ರಾಣಿ ಆಗ್ಬಿಟ್ಳು ನಮ್ಮ ಸೊಸೆ. ನಾಳೆ ಮೀನೂ ವಾಸನೆ ಅಂತಾಳೆ ನೋಡ್ತಿರಿ."

ನಾಚಿಕೆಯಾಗಿ ಉಳಿದದ್ದನ್ನೂ ಕುಡಿದೆ. ನಾಲ್ಕು ದಿನ ಸುಮ್ಮನಿದ್ದೆ. ನಮ್ಮ ಪಕ್ಕದ ಮನೆ ಕತಾರಿನಾಳದ್ದು. ಅವಳಿಗೆ ಒಂಬತ್ತು ತಿಂಗಳ ಮಗಳಿದ್ದಾಳೆ, ಅದೇ ತಾನೇ ಎದೆಹಾಲಿನ ಜೊತೆ ಗಂಜಿ, ನೀರು ಶುರುಮಾಡಿದ್ದಳು. ಮಗು ನೀರು ಕುಡಿಯುತ್ತಿತ್ತು, ಕುಡಿದ ಮೇಲೆ ಇನ್ನಷ್ಟು ಅಳುತ್ತಿತ್ತು. ಬಾಯಾರಿಕೆ ಇರಬೇಕೆಂದು ಅವಳು ಮತ್ತೆ ಕುಡಿಸುತ್ತಿದ್ದಳು. ಕಣ್ಣು ಗುಳಿಬಿದ್ದಿತ್ತು, ನೆತ್ತಿಯ ಮೆತ್ತನೆ ಜಾಗ ಒಳಕ್ಕೆ ಇಳಿದಿತ್ತು. ಹಲ್ಲು ಬರುವಾಗ ಹೀಗೇ ಎಂದು ಎಲ್ಲರೂ ಸಮಾಧಾನ ಹೇಳಿದರು. ಐದನೇ ದಿನ ಮಗುವಿನ ಅಳು ಕ್ಷೀಣವಾಯಿತು. ನಾನು ಓಡಿಹೋಗಿ, ನಮ್ಮ ಮನೆಯ ಎಳನೀರು ಬಿಟ್ಟು ಇನ್ನೇನೂ ಕುಡಿಸಬೇಡ ಎಂದು ಅವಳಿಗೆ ಹೇಳಿ, ಹಾಗೇ ಅರೋಯಿತಾ ಅವರ ಮನೆಗೆ ಹೋದೆ.

ಕೈಯಲ್ಲಿ ಎರಡು ಕರಟ ಇದ್ದವು. ಒಂದರಲ್ಲಿ ಇಗರ್ಜಿಯ ತೊಟ್ಟಿಯಲ್ಲಿ ತಳ ಕಂಡಿದ್ದ ಮಳೆನೀರು, ಇನ್ನೊಂದರಲ್ಲಿ ದೊಡ್ಡ ಬಾವಿಯದು. ಯಾವುದು ಯಾವುದೆಂದು ಹೇಳದೆ ಮುಂದಿಟ್ಟೆ. ಅವರು ತಮಾಷೆ ಎಂದುಕೊಂಡರು. ಅವರ ಗಂಡ ತೆಂಗಿನ ಮರದಿಂದ ಬಿದ್ದು ಕಾಲು ಸೊಟ್ಟಗಾದವರು, ಮೂಲೆಯಲ್ಲಿ ಕೂತು ಚಾವಣಿಗೆ ಗರಿ ಹೆಣೆಯುತ್ತಿದ್ದರು. ಇವಳ ನಾಲಿಗೆ ಊರಿನ ಸೊತ್ತು, ಮೀನು ಚೆನ್ನಾಗಿದೆ ಎಂದರೂ ನಾನು ಊರಿನ ಒಪ್ಪಿಗೆ ಸಿಕ್ಕ ಮೇಲೇ ತಿನ್ನುವುದು ಎಂದು ಛೇಡಿಸಿದರು. ಅರೋಯಿತಾ ಎರಡನ್ನೂ ಬಾಯಿಗಿಟ್ಟು, ಕಣ್ಣುಮುಚ್ಚಿ, ಉಗುಳಿ, ಮಳೆನೀರಿನ ಕರಟವನ್ನು ಪಕ್ಕಕ್ಕೆ ಸರಿಸಿದರು.

"ಇದರಲ್ಲಿ ಏನೋ ಕಮ್ಮಿ ಇದೆ ಟೀಚರೇ, ಸಪ್ಪೆ. ಇನ್ನೊಂದು ಸರಿ ಇದೆ. ಇದು ನಮ್ಮ ನೀರು."

ಅವರು ನನ್ನ ಮುಖ ನೋಡಿದರು, ಕರಟ ನೋಡಿದರು, ಮತ್ತೆ ಎರಡನ್ನೂ ಎತ್ತಿ ಬಾಯಿಗಿಟ್ಟರು. ನೀರು ಗದ್ದದ ಮೇಲೆ ಸುರಿಯಿತು. ಗಂಡನ ಬೆರಳು ಹೆಣಿಗೆಯಲ್ಲೇ ನಿಂತಿತು. ಸಪ್ಪೆ ಇರುವುದು ಮಳೆನೀರಾ ಎಂದು ಅರೋಯಿತಾ ಕೇಳಿದ್ದು ನನಗೆ ಸರಿಯಾಗಿ ಕೇಳಿಸಲೂ ಇಲ್ಲ. ಅಷ್ಟು ಸಣ್ಣ ದನಿ. ತಲೆಯಾಡಿಸಿದೆ. ಅವರು ಎದ್ದು ಹೊರಗೆ ಹೋಗಿ ಜೀಗುಜ್ಜೆ ಮರದ ಬುಡಕ್ಕೆ ಕೈಯೂರಿ ನಿಂತರು. ವಾಂತಿ ಮಾಡಿಕೊಂಡರು.

ಆರು ವರ್ಷ ನೀರು ಒಂದೊಂದೇ ಹೆಜ್ಜೆ ಉಪ್ಪಾಗುತ್ತಾ ಬಂದಿದೆ, ದಿನವೂ ಅದನ್ನೇ ಕುಡಿದ ನಾಲಿಗೆಯೂ ಜೊತೆಗೇ ಹೆಜ್ಜೆ ಹಾಕಿದೆ. ಹೀಗಾಗಬಾರದೆಂದೇ ಹಳಬರು ನಾಲಿಗೆಯೊಂದನ್ನು ಊರಿನಿಂದ ಹೊರಗಿಟ್ಟು ಎಳನೀರಿನಲ್ಲಿ ಸಾಕಿದ್ದರು. ನಾವು ಅದನ್ನು ಒಳಗೆ ಕರೆದುಕೊಂಡು ಮೆಚ್ಚಿ ಬೆನ್ನು ತಟ್ಟಿದೆವು.

ಆ ಭಾನುವಾರ ಮನೇಬದಲ್ಲಿ ಅರೋಯಿತಾ ಎದ್ದು ನಿಂತರು. ನಮ್ಮ ಊರ ಮನೇಬದಲ್ಲಿ ಮಾತಾಡುವುದು ಮುದುಕರು. ಹೆಂಗಸರು ಹಿಂದೆ ಕೂತು ಕೇಳಿ, ಹೇಳಬೇಕಾದ್ದನ್ನು ಮನೆಗೆ ಹೋಗಿ ಗಂಡಂದಿರಿಗೆ ಹೇಳುವುದು. ಅವತ್ತು ಅವರು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ನನ್ನ ನಾಲಿಗೆ ಕೆಟ್ಟಿದೆ, ಎಷ್ಟು ದಿನದಿಂದ ಎಂದು ಗೊತ್ತಿಲ್ಲ, ಕಟ್ಟಿದ ಯಾವ ಗರಿಯನ್ನೂ ನಂಬಬೇಡಿ ಎಂದರು. ಮೂವತ್ತು ದಿನ ಬಾವಿ ನೀರು ಬಾಯಿಗೂ ಇಡುವುದಿಲ್ಲ, ನಾಲಿಗೆ ತೊಳೆದುಕೊಂಡು ಬಂದು ಮತ್ತೆ ನೋಡುತ್ತೇನೆ, ಅಲ್ಲಿಯವರೆಗೆ ಮಕ್ಕಳಿಗೆ ಎಳನೀರೇ ಕೊಡಿ ಎಂದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಮುಗಿದುಹೋಗುತ್ತಿತ್ತು. ಕತಾರಿನಾ ಮಗುವನ್ನು ಅವುಚಿಕೊಂಡು ಹೊರಗೆ ನಡೆದಳು. ಮಗು ಚೇತರಿಸಿಕೊಳ್ಳುತ್ತಿತ್ತು, ಆದರೂ ಅವಳು ಅರೋಯಿತಾ ಅವರ ಕಡೆ ತಿರುಗಿ ನೋಡಲಿಲ್ಲ.

ಅವತ್ತಿನಿಂದ ಅಟ್ಟಣೆಯ ಮೇಲೆ ಮತ್ತೆ ಎಳನೀರು ಬರುತ್ತಿವೆ. ಇಟ್ಟವರು ಮಾತಾಡದೆ ಹೋಗುತ್ತಾರೆ. ಅರೋಯಿತಾ ಅವರ ಅಡುಗೆಗೂ ಬಾವಿ ನೀರಿಲ್ಲ, ಗೆಣಸು, ಜೀಗುಜ್ಜೆ ಎಲ್ಲ ಕೆಂಡದಲ್ಲಿ ಸುಟ್ಟದ್ದು. ಹನ್ನೆರಡನೇ ದಿನ ಅವರು ನನ್ನನ್ನು ಕರೆದು, ಗಂಡನ ಬೆವರಿನ ಉಪ್ಪು ಗಾಳಿಯಲ್ಲಿ ಬಾಯಿಗೆ ಬರುತ್ತಿದೆ ಎಂದು ಗುಟ್ಟಿನಂತೆ ಹೇಳಿದರು. ಅದು ಖುಷಿಯ ಸುದ್ದಿ. ಇಬ್ಬರಿಗೂ ಖುಷಿಯಾಗಲಿಲ್ಲ. ನಾಲಿಗೆ ಮರಳಿ ಬಂದರೆ ಅದು ಏನು ಹೇಳುತ್ತದೆ ಎಂಬುದೇ ಹೆದರಿಕೆ.

ಆ ಹೆದರಿಕೆಗೆ ಕಾರಣ ತರಾವದಿಂದ ಬಂದ ಕಾಗದ. ಅಧಿಕಾರಿಗಳು ಮುಂದಿನ ಹಡಗಿನಲ್ಲಿ ಬಂದು ಯಾವ ಊರಿನಲ್ಲಿ ಕುಡಿಯಲು ನೀರಿದೆ, ಯಾವುದರಲ್ಲಿ ಇಲ್ಲ ಎಂದು ಪಟ್ಟಿ ಮಾಡುತ್ತಾರಂತೆ. ಇಲ್ಲದ ಊರುಗಳನ್ನು ಎಬ್ಬಿಸಿ ತರಾವದ ಅಂಚಿಗೆ ಒಯ್ಯುತ್ತಾರೆ ಎಂಬುದು ಕಾಗದದಲ್ಲಿಲ್ಲ, ಎಲ್ಲರ ಬಾಯಲ್ಲಿದೆ. ಆ ಅಂಚನ್ನು ನಾನು ನೋಡಿ ಬಂದಿದ್ದೇನೆ. ಒಂದು ಮನೆಯ ಸೂರಿನ ಕೆಳಗೆ ಇನ್ನೊಂದು ಮನೆಯ ಸೂರು. ಇಲ್ಲಿಂದ ಹೋದವರು ಅಲ್ಲಿ ಯಾರದೋ ನೆಲದ ಮೇಲೆ, ಯಾರನ್ನೋ ಕೇಳಿಕೊಂಡು ಕೂರಬೇಕು. ಮನೇಬದಲ್ಲಿ ಅವರಿಗೆ ಜಾಗವೇ ಇರುವುದಿಲ್ಲ. ನಮ್ಮಲ್ಲಿ ಜಾಗ ಇಲ್ಲದವನೆಂದರೆ ಹೆಸರಿಲ್ಲದವನು.

ಮನೇಬದಲ್ಲಿ ಎಲ್ಲರಿಗಿಂತ ಹಿರಿಯರು ತಬೇರಾ. ಎಪ್ಪತ್ತೆಂಟು ವರ್ಷ. ಅವರ ಅಪ್ಪ, ಅಮ್ಮ, ಇಬ್ಬರು ಮಕ್ಕಳು ಮನೆಯ ಅಂಗಳದಲ್ಲೇ ಮಣ್ಣಾಗಿದ್ದಾರೆ. ಹತ್ತೊಂಬತ್ತನೇ ದಿನ ಅವರ ಮನೆಯ ಸರದಿ. ಸೊಸೆಯಂದಿರನ್ನು ಕಳಿಸದೆ ತಾವೇ ನಾಲ್ಕು ಎಳನೀರು ಹೊತ್ತು ಬಂದರು, ತಾವೇ ಕೆತ್ತಿ ಕೊಟ್ಟರು. ನಾನು ಅಲ್ಲೇ ಕೂತಿದ್ದೆ. ಮಳೆಯ ಮಾತಾಯಿತು, ಮೀನಿನ ಮಾತಾಯಿತು. ಹೊರಡುವಾಗ ಅವರು ಅರೋಯಿತಾ ಅವರ ಮುಖ ನೋಡದೆ ಹೇಳಿದರು.

"ನಾಲಿಗೆ ನಿಂದು ತಂಗಿ, ನಾನೇನೂ ಹೇಳಲ್ಲ. ಆದ್ರೆ ಊರು ಎಲ್ಲಾರ್ದು, ಅದನ್ನ ನೆನಪಿಟ್ಕೋ."

"ನಾಲಿಗೆನೂ ಎಲ್ಲಾರ್ದೇ ಅಣ್ಣ," ಎಂದರು ಅರೋಯಿತಾ. "ನಂದೇ ಆಗಿದ್ರೆ ನಿಮ್ಗೆ ಬೇಕಾದ್ದು ಹೇಳ್ಬಿಡ್ತಿದ್ದೆ."

ಇಷ್ಟು ಬರೆದಿಟ್ಟ ಮೇಲೆ ಇಪ್ಪತ್ತೇಳನೇ ದಿನ ಹುಣ್ಣಿಮೆ ಬಂತು. ಬೆಳಗಿನ ಉಬ್ಬರಕ್ಕೆ ಹೊರಗಡಲು ದಡ ಏರಿ ಕೆಸುವಿನ ಗುಂಡಿಗಳಿಗೆ ನುಗ್ಗಿತು. ನಾವು ಎಬ್ಬಿಸಿದ ಮಕ್ಕಳನ್ನು ಕಂಕುಳಲ್ಲಿ ಹಿಡಿದು ಅಟ್ಟಣೆಗಳ ಮೇಲೆ ನಿಂತು ನೋಡಿದೆವು. ಸದ್ದಿಲ್ಲ, ಅಲೆಯಿಲ್ಲ. ನೀರು ಸುಮ್ಮನೆ ಮರಗಳ ನಡುವೆ ನಡೆದು ಬಂತು, ಒಲೆಯ ಬೂದಿ ತೇಲಿಸಿತು, ಮನೆಗಳ ಅಡಿಯಲ್ಲಿ ಹಾದು ಒಳಗಡಲಿಗೆ ಹೋಯಿತು. ಒಂದೂವರೆ ಗಂಟೆ. ಇಳಿದ ಮೇಲೆ ಹೊಕ್ಕುಳೆತ್ತರದ ಕೆಸುವಿನ ಎಲೆಗಳ ಮೇಲೆಲ್ಲ ಉಪ್ಪು ಬೆಳ್ಳಗೆ ಒಣಗಿತ್ತು. ಮೂರು ವರ್ಷ ಸಾಕಿದ ಗಡ್ಡೆಗಳು. ಅರೋಯಿತಾ ಅವತ್ತೂ ಕರಟ, ಪೊರಕೆ ಹಿಡಿದು ಹೊರಟರು. ಮೊಣಕಾಲುದ್ದ ಕೆಸರಿನಲ್ಲಿ ಬಾವಿಯಿಂದ ಬಾವಿಗೆ ಹೋಗಿ ತಗಡು ಜಾರಿದೆಯೇ ಎಂದು ನೋಡಿ ಬಂದರು. ದೊಡ್ಡ ಬಾವಿಯ ಕಟ್ಟೆ ಎತ್ತರದ್ದು, ಅದರೊಳಗೆ ಕಡಲು ಇಳಿದಿರಲಿಲ್ಲ. ಉಳಿದವುಗಳಲ್ಲೂ ಒಂದರೊಳಗೆ ಮಾತ್ರ ಇಳಿದಿತ್ತು. ಊರಿಗೆ ಸ್ವಲ್ಪ ಜೀವ ಬಂತು. ದೇವರ ಗುರುತು ಎಂದರು ಕೆಲವರು.

ಮೂವತ್ತನೇ ದಿನ ಬೆಳಗ್ಗೆ ನೀರಾ ಇಳಿಸುವವರು ಮರ ಹತ್ತಲಿಲ್ಲ. ಇಡೀ ಊರು ಅರೋಯಿತಾ ಅವರ ಬೆನ್ನ ಹಿಂದೆ ನಡೆಯುತ್ತಿದೆ. ಮುನ್ನೂರಕ್ಕೆ ಇಪ್ಪತ್ತು ಮೂವತ್ತು ಕಮ್ಮಿ ಜನ, ಮರಳು ತುಳಿಯುವ ಸದ್ದು ಮಾತ್ರ. ಅವರು ಎಳನೀರಿನಲ್ಲಿ ಬಾಯಿ ಮುಕ್ಕಳಿಸಿ ಉತ್ತರದ ಬಾವಿಯಿಂದ ಶುರುಮಾಡುತ್ತಾರೆ. ಮೊದಲನೆಯದು ಸಿಹಿ. ಗರಿ ಕಟ್ಟುತ್ತಾರೆ. ಯಾರೋ ಉಸಿರು ಬಿಟ್ಟದ್ದು ಕೇಳಿಸುತ್ತದೆ. ಎರಡನೆಯದು ಸಿಹಿ, ಮೂರನೆಯದೂ ಸಿಹಿ. ನಾಲ್ಕನೆಯದರ ಬಳಿ ಬಹಳ ಹೊತ್ತು ನಿಂತು, ಬಟ್ಟೆ ಒಗೆಯಲು ಸಾಕು, ಕುಡಿಯಬೇಡಿ ಎಂದು ಕಲ್ಲು ತರಿಸುತ್ತಾರೆ. ದಕ್ಷಿಣದ ತುದಿಯದು ಸಿಹಿ. ದೊಡ್ಡ ಬಾವಿಯನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದಾರೆ.

ಕಟ್ಟೆಯ ಬಳಿ ತಬೇರಾ ಮೊದಲೇ ಬಂದು ಕೋಲೂರಿ ನಿಂತಿದ್ದಾರೆ. ಕತಾರಿನಾ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಎದುರಿಗೇ ನಿಂತಿದ್ದಾಳೆ, ಈ ಸಲ ಮುಖ ತಿರುಗಿಸಿಲ್ಲ. ಅರೋಯಿತಾ ಕರಟವನ್ನು ಎಷ್ಟು ಮೆಲ್ಲಗೆ ಇಳಿಸುತ್ತಾರೆಂದರೆ ನೀರು ಅಲುಗುವುದೂ ಇಲ್ಲ. ಬಾಯಿಗಿಡುತ್ತಾರೆ. ಕಣ್ಣುಮುಚ್ಚುತ್ತಾರೆ. ಎಣಿಕೆ ಹತ್ತು ಉಸಿರಿನದು, ನಾನು ಎಣಿಸುತ್ತಿದ್ದೇನೆ, ಇಪ್ಪತ್ತಾದರೂ ಉಗುಳುವುದಿಲ್ಲ. ಸಿಹಿ ಎನ್ನಲಿ ಎಂದು ನಾನು ಬೇಡಿಕೊಳ್ಳುತ್ತೇನೆ. ನನ್ನದೇ ನಾಲಿಗೆಗೆ ಗೊತ್ತಿರುವುದನ್ನು ಅವರದು ಸುಳ್ಳು ಮಾಡಲಿ ಎಂದು, ನಾಚಿಕೆಯಿಲ್ಲದೆ ಬೇಡಿಕೊಳ್ಳುತ್ತೇನೆ. ಅವರು ಉಗುಳುತ್ತಾರೆ. ಆಳದ ನೀರನ್ನು ನೋಡುವುದೇ ಇಲ್ಲ. ಮೇಲಿನದೇ ಸಾಕಾಗಿದೆ.

"ಉಪ್ಪು," ಎನ್ನುತ್ತಾರೆ. ಕರಟವನ್ನು ಕಟ್ಟೆಯ ಮೇಲಿಟ್ಟು, "ಇವತ್ತಿಂದಲ್ಲ. ಬಹಳ ದಿನದಿಂದ ಉಪ್ಪು. ಗರಿ ನಾನು ಕಟ್ತಾ ಬಂದೆ."

ಯಾರೂ ಅಳುವುದಿಲ್ಲ. ಹಿಂದೆ ಯಾವುದೋ ಪಾತ್ರೆ ಕೈಜಾರಿ ಮರಳಿಗೆ ಬೀಳುತ್ತದೆ. ಕತಾರಿನಾ ಎರಡು ಹೆಜ್ಜೆ ಮುಂದೆ ಬರುತ್ತಾಳೆ. ಬೈಯುತ್ತಾಳೆ ಎಂದು ನನಗೆ ಹೆದರಿಕೆ, ಬೈದರೆ ತಪ್ಪಿಲ್ಲ.

"ಸಿಹಿ ಅಂದಿದ್ರೆ ನಾನು ಇವಳಿಗೆ ಇವತ್ತು ಮಧ್ಯಾಹ್ನ ಇದನ್ನೇ ಕುಡಿಸ್ತಿದ್ದೆ ದೊಡ್ಡಮ್ಮ," ಎನ್ನುತ್ತಾಳೆ. ಅಷ್ಟೇ.

ಅರೋಯಿತಾ ಕಲ್ಲಿಗೆ ಬಗ್ಗುತ್ತಾರೆ. ಈ ಬಾವಿಯ ಬಾಯಿ ದೊಡ್ಡದು, ಕಲ್ಲೂ ದೊಡ್ಡದು, ಒಬ್ಬರಿಂದ ಏಳುವುದಿಲ್ಲ. ಗಂಡಸರು ನಿಂತಲ್ಲೇ ನಿಂತಿದ್ದಾರೆ, ಮುಟ್ಟಿದರೆ ಊರು ಮುಚ್ಚಿದ ಪಾಪ ತಮಗೆ ತಗಲುತ್ತದೇನೋ ಎಂಬಂತೆ. ಕೊನೆಗೆ ತಬೇರಾ ಕೋಲನ್ನು ನನ್ನ ಕೈಗೆ ಕೊಟ್ಟು ಕಲ್ಲಿನ ಇನ್ನೊಂದು ಬದಿಗೆ ಕೈ ಹಾಕುತ್ತಾರೆ. ಆಮೇಲೆ ಉಳಿದವರು ಬರುತ್ತಾರೆ. ಕಲ್ಲು ಕೂತ ಸದ್ದಿಗೆ ಮಗು ಬೆಚ್ಚಿಬೀಳುತ್ತದೆ.

ನಾಲ್ಕು ಬಾವಿ, ನಲವತ್ತಾರು ಮನೆ. ಅವತ್ತೇ ಮನೇಬದಲ್ಲಿ ಲೆಕ್ಕ ಹಾಕುತ್ತಾರೆ, ಮನೆಗೆ ದಿನಕ್ಕೆ ಎರಡು ಕೊಡ, ಸ್ನಾನ ಕಡಲಿನಲ್ಲಿ, ಗಂಜಿ ಬಿಟ್ಟು ಸುಟ್ಟದ್ದೇ ಊಟ. ಅಧಿಕಾರಿಗಳ ಹಡಗು ಇನ್ನು ಹದಿನೈದು ದಿನದಲ್ಲಿ ಬರುತ್ತದೆ. ಕಲ್ಲು ಹೇರಿದ್ದನ್ನು ಅವರಿಂದ ಮುಚ್ಚಿಡೋಣ ಎಂದು ಒಬ್ಬರು, ತೋರಿಸಿ ಮಳೆನೀರಿನ ತೊಟ್ಟಿ ಕೇಳೋಣ ಎಂದು ಇನ್ನೊಬ್ಬರು. ಚರ್ಚೆ ಮುಗಿದಿಲ್ಲ. ಪಟ್ಟಿಯಲ್ಲಿ ನಮ್ಮ ಹೆಸರು ಯಾವ ಸಾಲಿನಲ್ಲಿ ಬರುತ್ತದೋ ನನಗೆ ಗೊತ್ತಿಲ್ಲ. ಈ ಬರಹ ಅಚ್ಚಾಗುವ ಹೊತ್ತಿಗೆ ಹಡಗು ಬಂದು ಹೋಗಿರಬಹುದು.

ಪುರವಣಿಗೆ ಬೇಕಲ್ಲ ಎಂದು, ನಿಮಗೇನು ಆಸೆ ಎಂದು ಅರೋಯಿತಾ ಅವರನ್ನು ಕೇಳುತ್ತೇನೆ. ಅವರಿಗೆ ಪ್ರಶ್ನೆಯೇ ವಿಚಿತ್ರ ಎನಿಸುತ್ತದೆ. ನಾಲಿಗೆ ಕಲಿಸಲು ಏಳು ವರ್ಷದ ಒಬ್ಬ ಹುಡುಗಿಯನ್ನು ಹುಡುಕಿದ್ದಾರಂತೆ, ಅವಳಿಗೂ ಎಳನೀರು ಸರದಿ ಬೇಕಂತೆ, ಅದನ್ನು ಬರೆದುಕೊಳ್ಳಿ ಎನ್ನುತ್ತಾರೆ. ಬರೆದುಕೊಳ್ಳುತ್ತೇನೆ. ನಾನು ಎದ್ದು ಅಂಗಳ ದಾಟುವಾಗ ಹಿಂದಿನಿಂದ ಕರೆಯುತ್ತಾರೆ.

"ಇರೋ ನಾಲ್ಕೂ ಒಂದಲ್ಲ ಒಂದು ದಿನ ಕೆಡ್ತವೆ ಟೀಚರೇ, ಅದು ನನ್ನ ಕೈಲಿಲ್ಲ. ಕೆಟ್ಟ ದಿನ ಅದನ್ನ ಊರಿಗೆ ಮೊದಲು ನಾನು ಹೇಳ್ಬೇಕು. ಇನ್ನೊಂದು ಮಗು ಅತ್ತು ಹೇಳ್ಬಾರ್ದು."